ಅತ್ತೆ ಕಾಲಿಗೆ ಸೊಪ್ಪು ಹಚ್ಚೋಕೆ ಮುಂಚೆ

ಮಾವ, ಡ್ಯೂಟಿ ಮುಗಿಸಿ ಬಸ್ಸಲ್ಲಿದೀನಿ, ಟೈಪ್ ಮಾಡೋಕಾಗಲ್ಲ, ಅದಕ್ಕೆ ವಾಯ್ಸ್ ಮೆಸೇಜ್ ಕಳಿಸ್ತಿದೀನಿ, ಹಾರ್ನ್ ಸದ್ದಿಗೆ ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ರಲ್ಲ, ದೊಡ್ಡಪತ್ರೆ, ಒಂದೆಲಗ ಅರೆದು ಹಚ್ಚಿದ್ರೆ ಶುಗರ್ ಗಾಯ ಮಾಯುತ್ತೆ, ತೈವಾನಿನವರು ಪರೀಕ್ಷೆ ಮಾಡಿದಾರೆ ಅಂತ, ಅದು ಪೂರ್ತಿ ಸುಳ್ಳಲ್ಲ. ಅವರು ಪರೀಕ್ಷೆ ಮಾಡಿದ್ದು ಓಎನ್101 ಅನ್ನೋ ಕ್ರೀಮ್. ಮೊದಲ ಸಲ ಓದಿದಾಗ, ಅಯ್ಯೋ ನಮ್ಮ ಹಿತ್ತಲ ಗಿಡಾನೇ ಅಂತ ನನಗೂ ನಗು ಬಂತು. ಆದ್ರೆ ಅದರಲ್ಲಿರೋದು ಸೊಪ್ಪಲ್ಲ, ಸೊಪ್ಪಿಂದ ಬೇರ್ಪಡಿಸಿ, ಅಳತೆ ಮಾಡಿ ಬೆರೆಸಿದ ಸಾರ.

2021ರಲ್ಲಿ ಆ ಪರೀಕ್ಷೆ ಫಲಿತಾಂಶ ಬಂತು. ಕಾಲಲ್ಲಿ ಶುಗರ್ ಗಾಯ ಇದ್ದ ತೈವಾನ್, ಚೀನಾ, ಅಮೆರಿಕದ 236 ಜನ. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರು. ಕ್ರೀಮ್ ಹಚ್ಚಿದ 122 ಜನದಲ್ಲಿ 74 ಜನಕ್ಕೆ 16 ವಾರದೊಳಗೆ ಗಾಯ ಪೂರ್ತಿ ಮುಚ್ಚಿತು. ಬರೀ ಡ್ರೆಸಿಂಗ್ ಮಾಡಿಸ್ಕೊಂಡ 114 ಜನದಲ್ಲಿ 40. ಈ ನಲವತ್ತನ್ನ ನೋಡಿ ಮಾವ. ಕ್ರೀಮೇ ಇಲ್ದೆ ಮೂರರಲ್ಲೊಬ್ರಿಗೆ ವಾಸಿಯಾಯ್ತು. ಅವರೆಲ್ಲ ಮನೇಲಿ ಸೊಪ್ಪು ಹಚ್ಚಿದ್ದಿದ್ರೆ, ಸೊಪ್ಪಿಂದಲೇ ಹೋಯ್ತು ಅಂತ ಊರೆಲ್ಲ ಹೇಳ್ಕೊಂಡು ಬರ್ತಿದ್ರು. ಎರಡು ಗುಂಪು ಮಾಡೋದು ಅದಕ್ಕೇ. ಆದ್ರೆ ಈ ಪರೀಕ್ಷೆಗೆ ದುಡ್ಡು ಹಾಕಿದ್ದು ಆ ಕ್ರೀಮ್ ಕಂಪನಿಯೇ, ಹಂಗಾಗಿ ಬೇರೆಯವರೂ ಮಾಡಿ ನೋಡ್ಲಿ ಅಂತೀನಿ ನಾನು.

ಭಾನುವಾರ ಅತ್ತೆ ಕಾಲು ನೋಡಿದೆ. ಹೆಬ್ಬೆರಳ ಬುಡದಲ್ಲಿ ಗಾಯ, ಸುತ್ತ ಚರ್ಮ ಬಿಳೀ ಬಳೆ ಥರ ಜಡ್ಡುಗಟ್ಟಿದೆ. ಒತ್ತಿದ್ರೆ, ‘ಏನೂ ಗೊತ್ತಾಗಲ್ಲ ಕಣೇ’ ಅಂದ್ರು. ಗೊತ್ತಾಗ್ದೆ ಇರೋದ್ರಿಂದಲೇ ಅದರ ಮೇಲೇ ಭಾರ ಹಾಕಿ ಮನೆಯೆಲ್ಲ ಓಡಾಡ್ತಿದಾರೆ. ಆ ಜಡ್ಡನ್ನ ಡಾಕ್ಟರು ಬ್ಲೇಡಲ್ಲಿ ಕೆತ್ತಿ ತೆಗೀಬೇಕು. ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದ್ಯಾ ಅಂತ ಡಾಪ್ಲರ್, ಅಂದ್ರೆ ರಕ್ತ ಹರಿಯೋ ಸದ್ದು ಕೇಳಿಸೋ ಯಂತ್ರ, ಹಿಡಿದು ನೋಡ್ಬೇಕು. ಗಾಯದ ಮೇಲೆ ಭಾರ ಬೀಳ್ದ ಹಾಗೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿನೋ ಪ್ಲಾಸ್ಟರೋ ಹಾಕ್ಬೇಕು. ಅದಾಗದೆ ತೈವಾನಿನ ಕ್ರೀಮೇ ತಂದು ಮೆತ್ತಿದ್ರೂ ಅಷ್ಟೇ. ಇನ್ನು ಹಸಿ ಸೊಪ್ಪಲ್ಲಿ ಮಣ್ಣು, ಮಿಕ್ಸಿ ಜಾರಲ್ಲಿ ನಿನ್ನೆ ಚಟ್ನಿ ಖಾರ, ಅದೆಲ್ಲ ತೆರೆದ ಗಾಯದೊಳಗೆ ಹೋಗೋದು ಬೇಡ. ಕೀವು ಮೂಳೆಗೆ ಇಳಿದ್ರೆ ಬೆರಳೇ ತೆಗೀಬೇಕಾಗುತ್ತೆ.

ನಾಳೆ ನನಗೆ ರಜ, ಒಂಬತ್ತಕ್ಕೆ ಆಟೋ ತಗೊಂಡು ಬರ್ತೀನಿ. ಅತ್ತೆ ದಿನಾ ಹಾಕ್ಕೊಳೋ ಚಪ್ಪಲಿನೂ ಕವರಲ್ಲಿ ಇಟ್ಕೊಂಡಿರಿ, ಡಾಕ್ಟರಿಗೆ ತೋರಿಸ್ಬೇಕು. ಕಿತ್ತಿಟ್ಟಿರೋ ಒಂದೆಲಗ ತಂಬುಳಿ ಮಾಡ್ಬಿಡಿ, ನನಗೂ ಒಂದು ಲೋಟ.