ಸಿಟಿ ಸ್ಕ್ಯಾನ್‌ಗೆ ಚಿನ್ನದ ಕಣಗಳ ಇಂಜೆಕ್ಷನ್ ಸಿಗುತ್ತದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಹೋದ ವರ್ಷ ಸಿಟಿ ಸ್ಕ್ಯಾನ್ ಮಾಡುವಾಗ ಅಮ್ಮನಿಗೆ ಅಯೋಡಿನ್ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಬರಲೆಂದು ಹಾಕುವ ಇಂಜೆಕ್ಷನ್) ಕೊಟ್ಟರು, ಮೈತುಂಬ ದದ್ದು ಎದ್ದಿತು. ಈಗ ಮತ್ತೆ ಸ್ಕ್ಯಾನ್ ಬರೆದಿದ್ದಾರೆ. ಅಯೋಡಿನ್ ಬದಲು ಚಿನ್ನದ ನ್ಯಾನೋ ಕಣ ಬಳಸಬಹುದು ಅಂತ ಓದಿದೆ. ಕೇಳಿ ಹಾಕಿಸಬಹುದಾ?

ಉತ್ತರ (ರೇಡಿಯಾಲಜಿಸ್ಟ್): ಇಲ್ಲ, ಸಿಟಿಗೆ ಅದು ಇನ್ನೂ ಆಸ್ಪತ್ರೆಯ ಬಳಕೆಗೆ ಬಂದಿಲ್ಲ. ಮೊದಲು ಅಮ್ಮನ ವಿಷಯ. ದದ್ದು ಎದ್ದದ್ದನ್ನು ಸ್ಕ್ಯಾನ್ ಬರೆದವರಿಗೂ ಮಾಡುವವರಿಗೂ ಮುಂಚೆಯೇ ಹೇಳಿ. ಬೇರೆ ಅಯೋಡಿನ್ ಕಾಂಟ್ರಾಸ್ಟ್ ಆರಿಸುವುದು, ಮೊದಲೇ ಸ್ಟೀರಾಯ್ಡ್ ಕೊಡುವುದು, ಕಾಂಟ್ರಾಸ್ಟ್ ಇಲ್ಲದೆ ಮಾಡುವುದು, ಎಂಆರ್‌ಐಗೆ ಹೋಗುವುದು, ಹೀಗೆ ದಾರಿಗಳಿವೆ. ಯಾವುದು ಅನ್ನುವುದನ್ನು ಅವರೇ ತೀರ್ಮಾನಿಸಬೇಕು.

ನೀವು ಓದಿದ್ದರಲ್ಲಿ ಹುರುಳಿದೆ. ಅಯೋಡಿನ್‌ನ ಪರಮಾಣು ಸಂಖ್ಯೆ 53, ಚಿನ್ನದ್ದು 79. ಪರಮಾಣು ಭಾರವಾದಷ್ಟೂ ಎಕ್ಸ್-ರೇಯನ್ನು ಹೆಚ್ಚು ತಡೆಯುತ್ತದೆ, ರಕ್ತನಾಳ ಎದ್ದು ಕಾಣುತ್ತದೆ. 2006ರಲ್ಲೇ 1.9 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು) ಚಿನ್ನದ ಕಣಗಳಿಂದ ಇಲಿಗಳ ಒಳ್ಳೆಯ ಚಿತ್ರ ತೆಗೆದಿದ್ದರು. ತೊಡಕಿರುವುದು ಚಿತ್ರ ತೆಗೆದ ಮೇಲೆ. ಸುಮಾರು 6 ನ್ಯಾನೋಮೀಟರ್‌ಗಿಂತ ಸಣ್ಣ ಕಣ ಮೂತ್ರದಲ್ಲಿ ಹೋದೀತು; ದೊಡ್ಡದನ್ನು ಲಿವರ್, ಗುಲ್ಮದ ಜೀವಕೋಶಗಳು ನುಂಗಿ ಇಟ್ಟುಕೊಳ್ಳುತ್ತವೆ.

ಮರುಪ್ರಶ್ನೆ: ಚಿನ್ನ ತುಕ್ಕು ಹಿಡಿಯಲ್ಲ, ಏನೂ ಮಾಡಲ್ಲ. ಒಳಗೆ ಕೂತರೆ ಏನಾಯಿತು?

ಉತ್ತರ: ಈ ಮಾತು ಕೇಳಿದಾಗಲೆಲ್ಲ ನನಗೆ ಥೊರೊಟ್ರಾಸ್ಟ್ ನೆನಪಾಗುತ್ತದೆ. ಅದು ಥೋರಿಯಂ ಡೈಆಕ್ಸೈಡ್‌ನ ಅತಿಸಣ್ಣ ಕಣಗಳ ದ್ರಾವಣ. 1930ರಿಂದ 50ರ ದಶಕದವರೆಗೆ ಕಾಂಟ್ರಾಸ್ಟ್ ಆಗಿ ಕೊಡುತ್ತಿದ್ದರು. ಚಿತ್ರ ಸೊಗಸಾಗಿ ಬರುತ್ತಿತ್ತು, ಕೊಟ್ಟ ಕೂಡಲೇ ರೋಗಿಗೆ ತೊಂದರೆಯೂ ಕಾಣುತ್ತಿರಲಿಲ್ಲ. ಆದರೆ ಕಣಗಳು ಲಿವರ್‌ನಲ್ಲೇ ಉಳಿದು, ದಶಕಗಳ ನಂತರ ಎಷ್ಟೋ ಜನರಿಗೆ ಕ್ಯಾನ್ಸರ್ ಬಂತು. ಥೋರಿಯಂ ವಿಕಿರಣ ಸೂಸುತ್ತದೆ, ಚಿನ್ನ ಸೂಸುವುದಿಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೂ ರೋಗ ಪತ್ತೆಗೆಂದು ಕೊಟ್ಟದ್ದು ಕೆಲಸ ಮುಗಿದ ಮೇಲೆ ದೇಹ ಬಿಟ್ಟು ಹೋಗಬೇಕು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಈಗಿನ ಅಯೋಡಿನ್ ಕಾಂಟ್ರಾಸ್ಟ್, ಕಿಡ್ನಿ ಚೆನ್ನಾಗಿದ್ದರೆ, ಒಂದು ದಿನದೊಳಗೆ ಬಹುಪಾಲು ಹೊರಬೀಳುತ್ತದೆ.

ಇನ್ನೊಬ್ಬ ಸದಸ್ಯೆ: ಹಾಗಾದರೆ ಯಾವ ಲೋಹದ ಕಣವೂ ಮನುಷ್ಯರಿಗೆ ಬಂದಿಲ್ಲವಾ ಮೇಡಂ?

ಉತ್ತರ: ಕಬ್ಬಿಣ ಬಂದಿದೆ, ಆಕ್ಸೈಡ್ ರೂಪದಲ್ಲಿ. ಲಿವರ್‌ನ ಎಂಆರ್‌ಐಗೆಂದು 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಣ ನುಂಗಿದ ಲಿವರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ನುಂಗುವ ಜೀವಕೋಶಗಳಿಲ್ಲದ ಗಡ್ಡೆ ಬೆಳ್ಳಗೆ ಉಳಿಯುತ್ತದೆ. ಲಿವರ್ ನುಂಗುತ್ತದೆ ಅನ್ನುವ ತೊಡಕನ್ನೇ ಉಪಯೋಗಕ್ಕೆ ತಂದ ಜಾಣತನ ನನಗೆ ಬಹಳ ಇಷ್ಟ. ಆ ಕಬ್ಬಿಣವನ್ನು ದೇಹ ನಿಧಾನವಾಗಿ ಕರಗಿಸಿ ಹಿಮೋಗ್ಲೋಬಿನ್‌ಗೆ ಬಳಸಿಕೊಳ್ಳುತ್ತದೆ. ಆ ಔಷಧ ಮುಂದೆ ಮಾರುಕಟ್ಟೆಯಿಂದ ಹೋಯಿತು. ಇಂಥ ಕಬ್ಬಿಣದ ಇಂಜೆಕ್ಷನ್‌ಗೂ ಅಲರ್ಜಿ ಆಗಬಹುದು, ಅದಕ್ಕೇ ಅಮ್ಮನಿಗೆ ಇದನ್ನು ಸೂಚಿಸುತ್ತಿಲ್ಲ. ಅವರ ಹಳೆಯ ರಿಪೋರ್ಟ್‌ನಲ್ಲಿ ಕಾಂಟ್ರಾಸ್ಟ್‌ನ ಹೆಸರು ಬರೆದಿದೆಯಾ ನೋಡಿ. ಇದ್ದರೆ ಸ್ಕ್ಯಾನ್ ದಿನ ತಪ್ಪದೆ ತೆಗೆದುಕೊಂಡು ಹೋಗಿ.