ಸಿಗಡಿ ಉದ್ದ ಅಳದ್ರ ತೂಕ ತಿಳೀತದೇನ್ರಿ?

ಪ್ರಶ್ನೆ (ಹಾವೇರಿ): ಕೃಷಿಹೊಂಡದಾಗ ಸಿಹಿನೀರಿನ ಸ್ಕ್ಯಾಂಪಿ ಸಿಗಡಿ ಬಿಟ್ಟೀವ್ರಿ. ಮೇವಿನ ಲೆಕ್ಕಕ್ಕ ತೂಕ ಬೇಕು. ಎಲ್ಲಿಂದ ಎಲ್ಲೀತನಕ ಅಳೀಬೇಕು?

ಉತ್ತರ 1: ತೂಕ ಹೆಚ್ಚುಕಡಿಮಿ ಉದ್ದದ ಘನಕ್ಕ ತಕ್ಕಂಗ ಏರ್ತದ. ಉದ್ದ 2 ಪಟ್ಟಾದ್ರ ತೂಕ ಸುಮಾರು 8 ಪಟ್ಟು. ತಲಿ ಮುಂದಿನ ಕೊಂಬು ಮುರಿದಿರ್ತದ, ಅದನ್ನ ನಂಬಬ್ಯಾಡ್ರಿ. ಕಣ್ಣಿನ ಗುಳಿಯಿಂದ ಬೆನ್ನಚಿಪ್ಪಿನ (ತಲಿ-ಎದಿ ಮುಚ್ಚೂ ಚಿಪ್ಪು) ಹಿಂದಿನ ಅಂಚಿನತನಕ ಕ್ಯಾಲಿಪರ್ (ಉದ್ದ ಅಳಿಯೂ ಇಕ್ಕಳದಂಥ ಸಾಧನ) ಹಿಡೀರಿ.

ಉತ್ತರ 2: ಗಂಡು, ಹೆಣ್ಣು ಬ್ಯಾರೆ ಬ್ಯಾರೆ ಲೆಕ್ಕ ಇಡ್ರಿ. ನೀಲಿ ಕೊಂಡಿ (ಮುಂದಿನ ಉದ್ದನ ಇಕ್ಕಳಗಾಲು) ಇರೂ ಗಂಡಿಗೆ ಕೊಂಡೀದ ಭಾರ ಭಾಳ. ಕೊಂಡಿ ಮುರಿದದ್ದು, ಈಗಷ್ಟ ಪೊರೆ ಬಿಟ್ಟು ಮೆತ್ತಗಿರೂದು ಎರಡೂ ಅಳತಿಗೆ ಬ್ಯಾಡ.

ಉತ್ತರ 3: ತಕ್ಕಡಿ ಪೂರ್ತಿ ಬಿಡಾಕ ಬರೂದಿಲ್ಲ. ಮೊದಲ 50–60 ಸಿಗಡಿ ನೀರು ಒರಸಿ ತೂಗಿ, ಅಳದು, ಎಷ್ಟು ಉದ್ದಕ್ಕ ಎಷ್ಟು ತೂಕ ಅಂತ ನಿಮ್ಮ ಹೊಂಡದ್ದ ಪಟ್ಟಿ ಮಾಡ್ಕೊಳ್ರಿ. ಸರಾಸರಿ ಉದ್ದಕ್ಕ ಆ ಘನದ ಸೂತ್ರ ಹಚ್ಚಿದ್ರ ತೂಕ ಕಡಿಮಿ ಬರ್ತದ, ಮೇವೂ ಕಡಿಮಿ ಬೀಳ್ತದ. ಒಂದೊಂದರ ಉದ್ದದಿಂದ ಅದರದರ ತೂಕ ಲೆಕ್ಕ ತಗದು ಆಮ್ಯಾಲ ಸರಾಸರಿ ಮಾಡ್ರಿ.