ಮುಂಬೈ ಲೋಕಲ್ ರೈಲಲ್ಲಿ ನಿಂತು ಕೇಳೋಕೆ ಎನ್‌ಬಿಎ ಕಾಮೆಂಟರಿ: ಯಾರದು ವಾಸಿ?

ಡೊಂಬಿವಲಿ ಡಂಕ್:
ನವೆಂಬರ್ ಬಂತು ಅಂದ್ರೆ ನ್ಯೂಯಾರ್ಕ್ ಕಡೆಯ ರಾತ್ರಿ 7:30ರ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಪಂದ್ಯ ನಮಗೆ ಬೆಳಿಗ್ಗೆ 6ಕ್ಕೆ. ಮೊದಲರ್ಧ ಮನೆಯಲ್ಲಿ ಚಹಾ ಜೊತೆ, ಎರಡನೇ ಅರ್ಧ ದಾದರ್ ಕಡೆ ಹೋಗೋ ಫಾಸ್ಟ್ ಲೋಕಲ್‌ನಲ್ಲಿ. ಆ ಗರ್ದಿಯಲ್ಲಿ ಫೋನ್ ಎತ್ತಿ ಹಿಡಿಯೋ ಮಾತೇ ಇಲ್ಲ. ಫೋನ್ ಜೇಬಲ್ಲಿ, ಒಂದು ಕಿವಿಗೆ ಇಯರ್‌ಫೋನ್.

ನೋಡದೆ ಬರೀ ಕೇಳೋಕೆ ಯಾರ ಕಾಮೆಂಟರಿ ಸರಿ? ಟಿವಿ ಕಾಮೆಂಟೇಟರ್ ಮೈಕ್ ಬ್ರೀನ್‌ನ ಎಲ್ಲರೂ ಹೊಗಳ್ತಾರೆ, ಆದ್ರೆ ಕಿವಿಯಲ್ಲಿ ಕೇಳಿದ್ರೆ ಮಧ್ಯೆ ಮಧ್ಯೆ ಚೆಂಡು ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಇನ್ನೊಂದು: ಸ್ಟೆಫ್ ಕರಿ ಆಡುವಾಗ ಕೇಳೋಕೆ ಮಜಾ, ನಿಕೋಲಾ ಯೋಕಿಚ್ ಆಡುವಾಗ ಸಪ್ಪೆ. 2021, 2022, 2024, ಮೂರು ಸಲ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ) ಆದವನ ಆಟ ಸಪ್ಪೆ ಅನ್ನಿಸೋದು ಅವನ ತಪ್ಪೋ, ಕಾಮೆಂಟೇಟರ್ ತಪ್ಪೋ?

ಮಾಟುಂಗಾ ಬೆಂಚ್:
ಬ್ರೀನ್ ಮೇಲೆ ತಪ್ಪು ಹೊರಿಸಬೇಡಿ, ನೀವು ಕೇಳ್ತಿರೋದು ಟಿವಿಗೆ ಮಾಡಿದ ಕಾಮೆಂಟರಿ. ಟಿವಿಯವರು ಬೇಕಂತಲೇ ಕಡಿಮೆ ಮಾತಾಡ್ತಾರೆ, ಉಳಿದದ್ದು ಪರದೆ ಮೇಲೆ ಕಾಣುತ್ತಲ್ಲ. ಅದರಲ್ಲೂ ಬ್ರೀನ್ ಮಾತಿನಲ್ಲಿ ಭಾರಿ ಜುಗ್ಗ. 2013ರ ಫೈನಲ್ಸ್ ಆರನೇ ಪಂದ್ಯದಲ್ಲಿ ರೇ ಆಲನ್ 5.2 ಸೆಕೆಂಡ್ ಉಳಿದಾಗ ಹೊಡೆದ ತ್ರೀ (ದೂರದಿಂದ ಹೊಡೆಯೋ ಮೂರು ಪಾಯಿಂಟ್ ಶಾಟ್) ಹಾಕಿ ಕೇಳಿ. ಜೊತೆಗಾರ ಬಾಷ್ ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿದ, ಆಲನ್‌ಗೆ ಕೊಟ್ಟ, ತ್ರೀ, ಆಮೇಲೆ ಬ್ರೀನ್ ಕೂಗೋ ಆ 'ಬ್ಯಾಂಗ್'. ನೋಡ್ತಾ ಕೇಳಿದ್ರೆ ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ. ಕಣ್ಣು ಮುಚ್ಚಿ ಕೇಳಿದ್ರೆ, ಆಲನ್ ತಿರುಗಿ ನೋಡದೆ ಹಿಂದಕ್ಕೆ ಹೆಜ್ಜೆ ಹಾಕ್ತಾ ಬಲಗಡೆ ಕಾರ್ನರ್ ಸೇರಿದ್ದು ಅದರಲ್ಲಿ ಎಲ್ಲೂ ಸಿಗಲ್ಲ. ಆ ಶಾಟ್‌ನ ಜೀವ ಇರೋದೇ ಆ ಹೆಜ್ಜೆಗಳಲ್ಲಿ.

ನಿಮಗೆ ಬೇಕಾದ್ದು ರೇಡಿಯೋ. ಎನ್‌ಬಿಎ ಪಂದ್ಯ ತೋರಿಸೋ ಲೀಗ್ ಪಾಸ್ ಚಂದಾ ಇದ್ರೆ ಪಂದ್ಯ ತೆರೆದು ಫೀಡ್ (ಪ್ರಸಾರ) ಪಟ್ಟಿ ನೋಡಿ. ಹೋಮ್, ಅವೇ ಅಂತ ಎರಡು ಕಡೆಯವರದೂ ಇರುತ್ತೆ. ಅದರಲ್ಲಿ ಆಡಿಯೋ ಅಂತ ಕಂಡ್ರೆ ಅದನ್ನೇ ಒತ್ತಿ. ಡೇಟಾನೂ ಉಳಿಯುತ್ತೆ: 128 ಕೆಬಿಪಿಎಸ್ ಆಡಿಯೋ ಎರಡೂವರೆ ಗಂಟೆಗೆ 145 ಎಂಬಿ ಆಸುಪಾಸು, 3 ಎಂಬಿಪಿಎಸ್ ವಿಡಿಯೋ ಆದ್ರೆ ಅಷ್ಟೇ ಹೊತ್ತಿಗೆ 3.3 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಇರೋರು ಮೂರನೇ ಕ್ವಾರ್ಟರ್‌ಗೇ ಖಾಲಿ.

ಆಡಿಯೋ ಸಿಗದಿದ್ರೆ ಟಿವಿಯವರಲ್ಲೇ ರೇಡಿಯೋದಲ್ಲಿ ಪಳಗಿದ ಗಂಟಲು ಹುಡುಕಬೇಕು. ನನ್ನ ಆಯ್ಕೆ ಕೆವಿನ್ ಹಾರ್ಲನ್. ಅಮೆರಿಕನ್ ಫುಟ್‌ಬಾಲ್‌ಗೆ ವರ್ಷಗಟ್ಟಲೆ ರೇಡಿಯೋ ಕಾಮೆಂಟರಿ ಮಾಡಿದವರು. ಚೆಂಡು ಎಡಗಡೆ ವಿಂಗ್‌ನಲ್ಲೋ (ಕೋರ್ಟ್ ಬದಿ), ಬೇಸ್‌ಲೈನ್‌ನಲ್ಲೋ (ಬುಟ್ಟಿ ಹಿಂದಿನ ಗೆರೆ), ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹೊಡೆಯೋಕೆ ಇರೋ ಗಡುವು) ಎಷ್ಟು ಉಳಿದಿದೆ, ಇವೆಲ್ಲ ತಾವಾಗೇ ಹೇಳ್ತಾರೆ. ಇಯನ್ ಈಗಲ್ ಕೂಡ ನೆಟ್ಸ್ ತಂಡದ ರೇಡಿಯೋದಿಂದ ಬಂದವರೇ. ಈ ವಿದ್ಯೆಯ ದೊಡ್ಡಪ್ಪ ಅಂದ್ರೆ ಲೇಕರ್ಸ್ ತಂಡದ ಕಾಮೆಂಟೇಟರ್ ಚಿಕ್ ಹರ್ನ್. ಅವರದು ವರ್ಷಗಟ್ಟಲೆ ಟಿವಿಗೂ ರೇಡಿಯೋಗೂ ಒಂದೇ ಕಾಮೆಂಟರಿ, ಹಾಗಾಗಿ ಚೆಂಡು ಎಲ್ಲಿದೆ ಅಂತ ಹೇಳದೆ ಗತ್ಯಂತರವೇ ಇರಲಿಲ್ಲ. 1965ರಿಂದ 2001ರವರೆಗೆ ತಪ್ಪದೆ 3,338 ಪಂದ್ಯ. ಹಳೇ ತುಣುಕು ಸಿಕ್ಕಿದ್ರೆ ಪರದೆ ಕೆಳಗೆ ಮಾಡಿ ಕೇಳಿ, ಒಂದು ಪಾಸ್ ತಪ್ಪಲ್ಲ.

ಪುಣೆ ಪೋಸ್ಟ್‌ಅಪ್:
ಯೋಕಿಚ್ ಸಪ್ಪೆ ಅಂದ್ರ ಹೆಂಗ್ರಿ! 2024-25ರಾಗ ಅಂವ ಇಡೀ ಸೀಸನ್ ಸರಾಸರಿ ತೆಗದದ್ದು 29.6 ಪಾಯಿಂಟ್, 12.7 ರೀಬೌಂಡ್, 10.2 ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡೂ ಪಾಸ್). ತಪ್ಪು ಕಾಮೆಂಟೇಟರ್‌ದ್ದೇ, ಆದ್ರ ಪೂರಾ ಅಲ್ಲ.

ಕಾಮೆಂಟೇಟರ್ ಚೆಂಡಿನ ಹಿಂದ ಓಡ್ತಾನ. ಯೋಕಿಚ್ ಕೆಲಸ ಮುಗಿಸೋದು ಚೆಂಡು ಕೈಗೆ ಬರೋಕಿಂತ ಮೊದಲ. ಎಲ್ಬೋ ಅಂತಾರಲ್ಲ, ಫ್ರೀ ಥ್ರೋ ಗೆರಿ ಮತ್ತ ಪೇಂಟ್‌ನ (ಬುಟ್ಟಿ ಮುಂದಿನ ಬಣ್ಣದ ಚೌಕಾ) ಬಾಜೂ ಗೆರಿ ಕೂಡೋ ಮೂಲಿ, ಅಲ್ಲಿ ಬಂದು ನಿಂತಾಗ ಅವನ ಡಿಫೆಂಡರ್ ಎಷ್ಟು ಹತ್ತಿರ ಅದಾನ, ವೀಕ್ ಸೈಡ್ (ಚೆಂಡು ಇಲ್ಲದ ಬಾಜೂ) ಕಾರ್ನರ್‌ದವ ಯಾವ ಕಡಿ ವಾಲ್ಯಾನ, ಇಷ್ಟನ್ನ ನೋಡಿ ಇಟ್ಟುಕೊಂಡಿರ್ತಾನ. ಚೆಂಡು ಬಂದ ಕೂಡಲೆ ಮುಂದಿನ ಪಾಸ್ ಹೋಗೇ ಬಿಡ್ತದ. ಕಾಮೆಂಟೇಟರ್ ಅವನ ಹೆಸರು ಹೇಳಿ ಮುಗಿಸೂದ್ರಾಗ ಇನ್ನೊಬ್ಬ ಲೇಅಪ್ (ಬುಟ್ಟಿ ಹತ್ತಿರದ ಶಾಟ್) ಹಾಕಿರ್ತಾನ. ಕಿವಿಗೆ ಬರೂದು ಲೇಅಪ್ ಹಾಕಿದವನ ಹೆಸರು ಅಷ್ಟ.

ಇದಕ್ಕ ಉಪಾಯ: ಯೋಕಿಚ್‌ನ ತಂಡ ಡೆನ್ವರ್‌ದ ಪಂದ್ಯ ಕೇಳೂವಾಗ ಪಾಯಿಂಟ್ ಹಾಕಿದವನ ಹೆಸರು ಬಿಟ್ಟು ಅದರ ಹಿಂದಿನ ಹೆಸರು ಹಿಡೀರಿ. 'ಎಲ್ಬೋ', 'ಹ್ಯಾಂಡ್‌ಆಫ್' (ಚೆಂಡು ಕೈಯಿಂದ ಕೈಗೆ ಕೊಡೂದು) ಅಂದ ಕೂಡಲೆ ಕಿವಿ ಚುರುಕು ಮಾಡ್ರಿ. ಜೋಡೀದಾರ ಜಮಾಲ್ ಮರ್ರಿ ಯೋಕಿಚ್ ಕೈಯಿಂದ ಚೆಂಡು ತೊಗೊಂಡು ಹ್ವಾದಂದ್ರ, ಎದುರಿನವರ ಸೆಂಟರ್ ಮುಂದ ಬಂದ್ರ ಯೋಕಿಚ್‌ಗೆ ವಾಪಸ್ ಪಾಸ್, ಹಿಂದ ನಿಂತ್ರ ಮರ್ರಿಗೆ ಜಂಪರ್ (ಜಿಗಿದು ಹೊಡೆಯೂ ಶಾಟ್). ಎರಡೂ ಬಾಗಿಲಾ ಒಮ್ಮೆಲೇ ಮುಚ್ಚಾಕ ಆಗಂಗಿಲ್ಲ. ನಾಲ್ಕು ಪೊಸೆಷನ್ (ಚೆಂಡು ಕೈಗೆ ಬಂದ ಸರದಿ) ಹಿಂಗ ಕೇಳಿದ್ರ ಯಾವ ಬಾಗಿಲಾ ತೆರದಿಟ್ಟಾರ ಅನ್ನೋದು ತಿಳೀತದ.

ಕರಿ ಸುದ್ದಿ ಉಲ್ಟಾ. ಅವನದೂ ಅರ್ಧಕ್ಕರ್ಧ ಆಟ ಚೆಂಡಿಲ್ಲದ ಓಟಾನೇ: ಒಂದು ಸ್ಕ್ರೀನ್ (ಡಿಫೆಂಡರ್‌ನ ತಡಿಯಾಕ ಜೋಡೀದಾರ ಅಡ್ಡ ನಿಂದ್ರೂದು), ಇನ್ನೊಂದು ಸ್ಕ್ರೀನ್, ಕಾರ್ನರ್‌ದಿಂದ ಮ್ಯಾಲ. ಅದನ್ನೂ ಯಾರೂ ಹೇಳಂಗಿಲ್ಲ. ಆದ್ರ ಕಡೀಕ ಆ ದೂರದ ಶಾಟ್ ಇರ್ತದಲ್ಲ, ಅದಕ್ಕ ಜನಾ ಚೀರಿದ್ದ ಕಾಮೆಂಟರಿ ಆಗ್ತದ. 2016ರ ಫೆಬ್ರವರಿ 27ಕ್ಕ ಒಕ್ಲಹೋಮಾದಾಗ ಓವರ್‌ಟೈಮ್ ಮುಗಿಯೂ ಹೊತ್ತಿಗೆ ಅರ್ಧ ಕೋರ್ಟ್ ದಾಟಿ ನಾಕ್ ಹೆಜ್ಜಿಗೇ ಎತ್ತಿ ಒಗದಾ ನೋಡ್ರಿ, 121-118. ಜುಗ್ಗ ಬ್ರೀನ್ ಸುದ್ದಾ ಅವತ್ತ 'ಬ್ಯಾಂಗ್' ಎರಡು ಸಲ ಅಂದಾರ.

ಇವರಿಬ್ಬರಗಿಂತ ಕೇಳಾಕ ತ್ರಾಸ ಶೇ ಗಿಲ್ಜಸ್-ಅಲೆಕ್ಸಾಂಡರ್. 32.7 ಪಾಯಿಂಟ್ ಸರಾಸರಿ, 2025ರ ಎಂವಿಪಿ, ಅದೇ ವರ್ಷ ಫೈನಲ್ಸ್ ಎಂವಿಪಿ. ಎಲ್ಲಾ ಖರೆ. ಆದ್ರ ಕಿವಿಗೆ ಬರೂದು ಡ್ರೈವ್ (ಬುಟ್ಟಿ ಕಡಿ ನುಗ್ಗೂದು), ಸೀಟಿ, ಫ್ರೀ ಥ್ರೋ, ಮತ್ತ ಸೀಟಿ. ಫೌಲ್ ಬೇಡಿ ತೊಗೋತಾನ ಅನ್ನೋರ ಮಾತು ನಾ ಒಪ್ಪಂಗಿಲ್ಲ. ಅಂವ ಒಮ್ಮೆಲೇ ನಿಂದರತಾನ, ಹಿಂದಿದ್ದವ ಬಂದು ಬಡೀತಾನ. ಆ ನಿಂದ್ರೂದು ಕಣ್ಣಿಗೆ ಕಾಣ್ತದ, ಕಿವಿಗೆ ಕೇಳಂಗಿಲ್ಲ. ಅವನ ಪಂದ್ಯಾ ಮನ್ಯಾಗ ನೋಡ್ರಿ, ಗಾಡ್ಯಾಗ ಬ್ಯಾಡ.

ಕಾಂದಿವಲಿ ಕುಡ್ಲ:
ಹಾರ್ಲನ್ ಬಗ್ಗೆ ನನ್ನದು ತಕರಾರು ಉಂಟು ಮಾರಾಯ್ರೆ. ಜಾಗ ಹೇಳುವುದು ಸರಿ, ಆದರೆ ಎರಡನೇ ಕ್ವಾರ್ಟರಿನ ಸಾದಾ ಡಂಕ್‌ಗೂ ಏಳನೇ ಪಂದ್ಯದ ಕೊನೇ ಶಾಟ್‌ಗೂ ಒಂದೇ ಗಂಟಲು. ಇಯರ್‌ಫೋನ್ ಹಾಕಿಕೊಂಡವರು ವಾಲ್ಯೂಮ್ ಏರಿಸಿ ಇಳಿಸಿಯೇ ಸುಸ್ತು. ಬರೀ ಕೇಳ್ಲಿಕ್ಕೆ ಈಗಲ್ ವಾಸಿ. ಪಂದ್ಯ ಏರಿದ ಹಾಗೆ ಸ್ವರವೂ ಏರ್ತದೆ, ಸ್ವರ ಕೇಳಿಯೇ ಅಂತರ ಎಷ್ಟು ಅಂತ ಅಂದಾಜು ಮಾಡ್ಬಹುದು.

ಆದರೆ ನೀವೆಲ್ಲ ಪ್ಲೇ-ಬೈ-ಪ್ಲೇಯವರನ್ನೇ (ಆಟ ನಡೆದ ಹಾಗೆ ಹೇಳುವವರು) ಹಿಡ್ಕೊಂಡಿದ್ದೀರಿ. ಕಿವಿಗೆ ಕೇಳುವವನ ಆಟ ಕೆಡಿಸುವುದು ಪಕ್ಕದ ವಿಶ್ಲೇಷಕ. ಬಾಸ್ಕೆಟ್ ಬಿದ್ದ ಮೇಲೆ ಎದುರು ತಂಡ ಚೆಂಡು ಒಳಗೆ ಹಾಕಿ ಅರ್ಧ ಕೋರ್ಟ್ ದಾಟ್ಲಿಕ್ಕೆ 8 ಸೆಕೆಂಡ್ ಮಿತಿ. ವಿಶ್ಲೇಷಕ ಅಷ್ಟರಲ್ಲಿ ಹೇಳಿ ಬಾಯಿ ಮುಚ್ಚಬೇಕು. ಕಾಮೆಂಟರಿ ಬೂತ್‌ನಲ್ಲಿ ಮೂರು ಜನ ಇದ್ದರೆ ಇಬ್ಬರು ಆ ಜಾಗಕ್ಕೆ ಕಿತ್ತಾಡ್ತಾರೆ, ಪ್ಲೇ-ಬೈ-ಪ್ಲೇಯವನಿಗೆ ಉಳಿಯುವುದು ಶಾಟ್ ಮಾತ್ರ. ಪೇಸರ್ಸ್ ತರಹ ಬಾಸ್ಕೆಟ್ ಕೊಟ್ಟ ಕೂಡಲೇ ಓಡುವ ತಂಡ ಇದ್ದರಂತೂ 8 ಸೆಕೆಂಡ್ ಕೂಡ ಇಲ್ಲ, ಮೂರೋ ನಾಲ್ಕೋ. ನಿಮಗೆ ಬ್ರೀನ್ ಪಂದ್ಯದಲ್ಲಿ ಚೆಂಡು ಕಾಣೆಯಾಗುವುದು ಹೆಚ್ಚಾಗಿ ಇದಕ್ಕೇ. ಅದೇ ಬ್ರೀನ್ ನ್ಯೂಯಾರ್ಕ್ ತಂಡ ನಿಕ್ಸ್‌ನ ಸ್ಥಳೀಯ ಚಾನೆಲ್‌ನಲ್ಲಿ ವಾಲ್ಟ್ ಫ್ರೇಜಿಯರ್ ಜೊತೆ ಇಬ್ಬರೇ ಕೂತಾಗ ಕೇಳಿ ನೋಡಿ, ಬೇರೆಯೇ ಮನುಷ್ಯ. ಫ್ರೇಜಿಯರ್ ಪ್ರಾಸ ಕಟ್ಟಿ ನಾಲ್ಕು ಪದ ಹೇಳಿ ಬಿಡ್ತಾರೆ, ಜಾಗ ಖಾಲಿ. ಹಾಗಾಗಿ ನಿಕ್ಸ್ ಪಂದ್ಯವಾದರೆ ನಿಕ್ಸ್ ಕಡೆಯ ಫೀಡೇ ಹಾಕಿ. ದೊಡ್ಡ ಚಾನೆಲ್ ತೆಗೆದುಕೊಂಡ ಪಂದ್ಯಗಳಲ್ಲಿ ಈ ಆಯ್ಕೆ ಸಿಗದೇ ಇರಬಹುದು.

ವಿಶ್ಲೇಷಕರಲ್ಲಿ ಹ್ಯೂಬಿ ಬ್ರೌನ್ ಕಲಿಸಿದಷ್ಟು ಇನ್ಯಾರೂ ಕಲಿಸಲಿಲ್ಲ. 2025ರ ಫೆಬ್ರವರಿಯಲ್ಲಿ 91ನೇ ವಯಸ್ಸಿಗೆ ಮೈಕ್ ಕೆಳಗಿಟ್ಟರು. ಕೇಳುಗನನ್ನೇ ಕೋಚ್ ಕುರ್ಚಿಯಲ್ಲಿ ಕೂರಿಸಿ, ಈಗ ನಿಮ್ಮ ಬಳಿ ಇಷ್ಟು ಟೈಮ್‌ಔಟ್ ಉಂಟು, ಇಂಥವನಿಗೆ ಇಷ್ಟು ಫೌಲ್ ಆಗಿದೆ, ಏನು ಮಾಡ್ತೀರಿ ಎನ್ನುವ ಧಾಟಿ. ಡೊರಿಸ್ ಬರ್ಕ್ 2024ರಲ್ಲಿ ಎನ್‌ಬಿಎ ಫೈನಲ್ಸ್‌ಗೆ ಟಿವಿ ವಿಶ್ಲೇಷಕಿಯಾದ ಮೊದಲ ಹೆಂಗಸು. ಪಿಕ್ ಆ್ಯಂಡ್ ರೋಲ್‌ಗೆ (ಜೊತೆಗಾರ ಅಡ್ಡ ನಿಂತು ದಾರಿ ಬಿಡಿಸಿ ಬುಟ್ಟಿ ಕಡೆ ತಿರುಗುವ ಆಟ) ಡಿಫೆನ್ಸ್ ಡ್ರಾಪ್‌ನಲ್ಲಿ (ಹಿಂದೆ ಸರಿದು ಕಾಯುವುದು) ಉಂಟಾ, ಸ್ವಿಚ್ (ಕಾಯುವವರ ಅದಲುಬದಲು) ಮಾಡ್ತದಾ ಅಂತ ಆಡುವಾಗಲೇ ಹೇಳುವವರು ಅವರು. 2025-26ಕ್ಕೆ ಆ ಕುರ್ಚಿ ಟಿಮ್ ಲೆಗ್ಲರ್‌ಗೆ ಹೋಯಿತು. ಲೆಗ್ಲರ್ ಕೂಡ ಹೋಮ್‌ವರ್ಕ್ ಮಾಡಿಯೇ ಬರುವ ಜನ, ಆದರೂ ಬರ್ಕ್ ಅವರನ್ನು ಇಳಿಸುವ ಅಗತ್ಯ ಇರಲಿಲ್ಲ ಅಂತ ನನ್ನ ಮತ.

ಡೊಂಬಿವಲಿ ಡಂಕ್:
ಮೂವರಿಗೂ ಥ್ಯಾಂಕ್ಸ್. ಇನ್ನೊಂದು ತೊಂದರೆ ಕೊನೇ ಎರಡು ನಿಮಿಷದ್ದು. ಕಾಮೆಂಟರಿಯಲ್ಲಿ ಶಾಟ್ ಹೊಡೆಯೋ ಮೊದಲೇ ಸ್ಕೋರ್ ನೋಟಿಫಿಕೇಶನ್ ಟಿಂಗ್ ಅನ್ನುತ್ತೆ. ಮತ್ತೆ ದಾದರ್ ಬಂದ್ರೂ ಪಂದ್ಯ ಮುಗಿಯಲ್ಲ.

ಮಾಟುಂಗಾ ಬೆಂಚ್:
ಸ್ಟ್ರೀಮ್ ಬಫರ್ ಮಾಡಿಕೊಂಡು ಹಿಂದೆ ಬರುತ್ತೆ, ಸ್ಕೋರ್ ಅಂದ್ರೆ ಎರಡು ಅಂಕಿ, ಹಾರಿ ಬರುತ್ತೆ. ನೆಟ್‌ವರ್ಕ್ ಒಮ್ಮೆ ಕಡಿದು ಸೇರಿದ್ರೆ ಸ್ಟ್ರೀಮ್ ಬಿಟ್ಟ ಜಾಗದಿಂದಲೇ ಶುರುವಾಗಿ ಇನ್ನೂ ಹಿಂದೆ ಬೀಳಬಹುದು, ಆಗ 'ಲೈವ್' ಒತ್ತಿ ಮುಂದಕ್ಕೆ ತನ್ನಿ. ಆ್ಯಪ್‌ನಲ್ಲಿ ಸ್ಕೋರ್ ಮರೆಮಾಡೋ ಸೆಟ್ಟಿಂಗ್ ಹಾಕಿದ್ರೆ ಸಾಲದು, ಫೋನ್ ಸೆಟ್ಟಿಂಗ್‌ಗೆ ಹೋಗಿ ಎಲ್ಲಾ ಕ್ರೀಡಾ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಗೆಳೆಯರ ವಾಟ್ಸ್ಆ್ಯಪ್ ಗ್ರೂಪ್ ಮ್ಯೂಟ್ ಮಾಡೋದು ಮರೀಬೇಡಿ, ಸೋರಿಕೆ ಜಾಸ್ತಿ ಅಲ್ಲಿಂದಲೇ. ಒಂದೇ ಕಿವಿಗೆ ಹಾಕೋರು ಆ್ಯಕ್ಸೆಸಿಬಿಲಿಟಿಯಲ್ಲಿ ಮೋನೋ ಆಡಿಯೋ ಆನ್ ಮಾಡಿ, ಇನ್ನೊಂದು ಚಾನೆಲ್‌ನ ಸದ್ದು ತಪ್ಪಲ್ಲ.

6ರ ಪಂದ್ಯ ನಿಜವಾಗಿ ಶುರುವಾಗೋದು 6:10ರ ಹೊತ್ತಿಗೆ. ಹಾಫ್‌ಟೈಮ್ 15 ನಿಮಿಷ. ಮೂರನೇ ಕ್ವಾರ್ಟರ್ 7:30ರ ಆಸುಪಾಸು, ಮುಗಿಯೋದು 8:30. ಕೊನೆಯ ಮೂರು ನಿಮಿಷದಲ್ಲಿ ಒಂದು ತಂಡ ಎರಡೇ ಟೈಮ್‌ಔಟ್ ತಗೋಬಹುದು, ಆದ್ರೂ ಎರಡೂ ಕಡೆ ಸೇರಿ ನಾಲ್ಕು, ಒಂದೊಂದಕ್ಕೆ 75 ಸೆಕೆಂಡ್, ಅಲ್ಲಿಗೇ ಐದು ನಿಮಿಷ. ಅದರ ಮೇಲೆ ಫೌಲ್‌ಗಳು. ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಿನವರಿಗೆ ಎರಡು ಫ್ರೀ ಥ್ರೋ. ಆ ಲೆಕ್ಕ ಇನ್ನೂ ತುಂಬಿರದಿದ್ರೂ, ಕೊನೇ ಎರಡು ನಿಮಿಷದಲ್ಲಿ ಎರಡನೇ ಫೌಲ್‌ಗೇ. ಆಮೇಲೆ ರೀಪ್ಲೇ. 2025ರ ಪ್ಲೇಆಫ್‌ನ ಪೇಸರ್ಸ್-ನಿಕ್ಸ್ ಸರಣಿಯ ಮೊದಲ ಪಂದ್ಯದಲ್ಲಿ ಪೇಸರ್ಸ್‌ನ ಹ್ಯಾಲಿಬರ್ಟನ್ ಕೊನೆಗೆ ಹೊಡೆದ ಚೆಂಡು ರಿಮ್‌ಗೆ ತಾಗಿ ಮೇಲಕ್ಕೆ ಹಾರಿ ಒಳಗೆ ಬಿತ್ತು. ಗೆದ್ದೇ ಬಿಟ್ಟೆವು ಅಂತ ಅವನೂ ಕುಣಿದ. ರೀಪ್ಲೇಯಲ್ಲಿ ಕಾಲು ಮೂರು ಪಾಯಿಂಟ್ ಗೆರೆ ಮೇಲಿತ್ತು, ಎರಡೇ ಪಾಯಿಂಟ್, 125-125, ಓವರ್‌ಟೈಮ್. ಆದ್ದರಿಂದ ಕಾಮೆಂಟೇಟರ್ ಕೂಗಿದ ಮಾತ್ರಕ್ಕೆ ಇಯರ್‌ಫೋನ್ ಕೀಳಬೇಡಿ, ರೆಫರಿ ಕೈ ಎತ್ತೋವರೆಗೆ ತಡೀರಿ.

ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಮುಂದೆ ಮಾಡ್ತಾರೆ. ಅಲ್ಲಿಂದ ಇದೇ ಪಂದ್ಯ ನಮಗೆ 5ಕ್ಕೆ, ನಿಮ್ಮ ಗಾಡಿ ಬರೋ ಹೊತ್ತಿಗೆ ನಾಲ್ಕನೇ ಕ್ವಾರ್ಟರ್ ಕೊನೆ ಮಾತ್ರ ಉಳಿದಿರುತ್ತೆ. ಫೈನಲ್ಸ್ ಮಾತ್ರ ಜೂನ್‌ನಲ್ಲೂ ಸಾಮಾನ್ಯವಾಗಿ ಅಲ್ಲಿನ ರಾತ್ರಿ 8:30ಕ್ಕೆ, ಅಂದ್ರೆ ಮತ್ತೆ ನಮ್ಮ 6ಕ್ಕೆ.